ನಮಗೆ ಅರ್ಧ ಅಂಕಣ ಸಾಕು: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮಾನ್ಯ ಸಚಿವರಿಗೆ,

ವಿಷಯ: ಜಿಲ್ಲಾ ಮತ್ತು ತಾಲ್ಲೂಕು ಕ್ರೀಡಾಂಗಣಗಳಲ್ಲಿ ಗಾಲಿಕುರ್ಚಿ ಬಳಸುವವರಿಗೆ ಟೇಬಲ್ ಟೆನಿಸ್, ಬ್ಯಾಡ್ಮಿಂಟನ್ ಮತ್ತು ಟೆನಿಸ್ ಆಡಲು ಅನುವು ಮಾಡಿಕೊಡುವ ಬಗ್ಗೆ.

ಮಾನ್ಯರೇ,

2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಬ್ಯಾಡ್ಮಿಂಟನ್ ಮೊದಲ ಬಾರಿಗೆ ಸೇರ್ಪಡೆಯಾದಾಗ ಭಾರತಕ್ಕೆ ಆ ಆಟದಲ್ಲಿ ನಾಲ್ಕು ಪದಕಗಳು ಬಂದವು. 2024ರಲ್ಲಿ ಪ್ಯಾರಿಸ್‌ನಲ್ಲಿ ಐದು ಬಂದವು. ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾದ ಸುಹಾಸ್ ಯತಿರಾಜ್ ಎರಡೂ ಕೂಟಗಳಲ್ಲಿ ಬೆಳ್ಳಿ ಗೆದ್ದಾಗ ಕನ್ನಡಿಗರೆಲ್ಲರಿಗೂ ಆದ ಸಂತೋಷ ನನಗೂ ಆಗಿತ್ತು. ಆದರೆ ಈ ಒಂಬತ್ತು ಪದಕಗಳನ್ನು ವರ್ಗವಾರು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರಮೋದ್ ಭಗತ್, ಮನೋಜ್ ಸರ್ಕಾರ್ ಮತ್ತು ನಿತೇಶ್ ಕುಮಾರ್ ಆಡಿದ್ದು ಎಸ್‌ಎಲ್3 ವರ್ಗದಲ್ಲಿ, ಸುಹಾಸ್ ಆಡಿದ್ದು ಎಸ್‌ಎಲ್4ರಲ್ಲಿ. ಈ ಎರಡು ವರ್ಗಗಳೂ ಕಾಲಿನ ಊನವಿದ್ದು ನಿಂತು ಆಡುವವರವು. ತುಳಸಿಮತಿ ಮುರುಗೇಶನ್ ಮತ್ತು ಮನೀಷಾ ರಾಮದಾಸ್ ಅವರದು ತೋಳಿನ ಊನವಿರುವವರ ಎಸ್‌ಯು5 ವರ್ಗ. ಕೃಷ್ಣ ನಾಗರ್ ಮತ್ತು ನಿತ್ಯಶ್ರೀ ಶಿವನ್ ಅವರದು ಗಿಡ್ಡ ದೇಹದವರ ಎಸ್‌ಎಚ್6. ಗಾಲಿಕುರ್ಚಿಯಲ್ಲಿ ಕುಳಿತು ಆಡುವ ಡಬ್ಲ್ಯುಎಚ್1 ಮತ್ತು ಡಬ್ಲ್ಯುಎಚ್2 ವರ್ಗಗಳಿಂದ ಬಂದ ಪದಕ ಒಂದೂ ಇಲ್ಲ.

ಗೆದ್ದವರ ಸಾಧನೆಯನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ, ಗಾಲಿಕುರ್ಚಿಯ ವರ್ಗದಲ್ಲೂ ಪದಕ ಬರಲಿ ಎಂಬ ಹಂಬಲದಿಂದ ಇದನ್ನು ಬರೆಯುತ್ತಲೂ ಇಲ್ಲ. ಈ ವ್ಯತ್ಯಾಸಕ್ಕೆ ಕಾರಣ ಏನಿರಬಹುದೆಂದು ಹುಡುಕುತ್ತಾ ಹೋದರೆ ಅದು ತಮ್ಮ ಇಲಾಖೆಯ ಕಟ್ಟಡಗಳ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ. ನಿಲ್ಲಬಲ್ಲವನು, ಕುಂಟುತ್ತಲೇ ಆದರೂ, ಊರಿನ ಯಾವ ಶಟಲ್ ಕೋರ್ಟಿಗಾದರೂ ಬ್ಯಾಟು ಹಿಡಿದು ಹೋಗಬಲ್ಲ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಜೋಡಿ ಸಿಕ್ಕರೆ ಆಡಲೂಬಲ್ಲ. ಎಲ್ಲರೊಂದಿಗೆ ಆಡಿ ಕಲಿತ ಮೇಲೆ ಅವನನ್ನು ಗುರುತಿಸುವವರು ಯಾರಾದರೂ ಸಿಕ್ಕಾರು. ಗಾಲಿಕುರ್ಚಿಯವನಿಗೆ ಮೊದಲ ಮೆಟ್ಟಿಲಲ್ಲೇ ಆ ದಾರಿ ಮುಗಿಯುತ್ತದೆ. ಅವನಿಗೆ ಬ್ಯಾಟಿಗಿಂತ ಮೊದಲು ಇಳಿಜಾರು ಬೇಕು, ಅಗಲವಾದ ಬಾಗಿಲು ಬೇಕು, ತಿರುಗಬಲ್ಲ ಕುರ್ಚಿ ಬೇಕು, ನೆಲದ ಮೇಲೆ ಗಾಲಿ ಓಡಿಸಲು ಯಾರದೋ ಅನುಮತಿ ಬೇಕು.

ನಾನು ಮಲೆನಾಡಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಹತ್ತಿದ ಅಡಿಕೆ ಮರದಿಂದ ಜಾರಿ ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರಲ್ಲಿ ನಾನೂ ಒಬ್ಬ. ನಮ್ಮ ಸೀಮೆಯಲ್ಲಿ ಇಂಥವರು ಅಪರೂಪವಲ್ಲ. ಅಡಿಕೆ ಬೆಳೆಯುವ ಪ್ರದೇಶಗಳಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಮನೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಹುತೇಕರು ಬೀಳುವಾಗ ಗಟ್ಟಿಮುಟ್ಟಾಗಿದ್ದ, ಮರ ಹತ್ತಿ ಇಳಿದು ತೋಳು ಹುರಿಗೊಂಡಿದ್ದ ಹರೆಯದವರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ದಿನಚರಿ ಮಂಚ, ಜಗುಲಿ, ಟಿ.ವಿ. ಎಂಬ ಮೂರರೊಳಗೆ ಮುಗಿಯುತ್ತದೆ. ಫಿಸಿಯೋಥೆರಪಿಯ ವ್ಯಾಯಾಮವನ್ನು ಒಬ್ಬನೇ ಕುಳಿತು ಎಷ್ಟು ತಿಂಗಳು ಮಾಡಲು ಸಾಧ್ಯ? ಎದುರಿಗೊಬ್ಬ ಆಟಗಾರನಿದ್ದು, ಅವನನ್ನು ಇವತ್ತು ಸೋಲಿಸಬೇಕೆಂಬ ಹಟ ಇದ್ದರೆ ಅದೇ ತೋಳು ದಣಿವನ್ನು ಮರೆಯುತ್ತದೆ.

ಈ ಆಟಗಳ ನಿಯಮಗಳು ನಮಗಾಗಿ ಎಂದೋ ಬದಲಾಗಿವೆ ಎಂಬುದನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಗಾಲಿಕುರ್ಚಿ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಹೋಗುತ್ತದೆ, ತಿರುಗುತ್ತದೆ. ಪಕ್ಕಕ್ಕೆ ಮಾತ್ರ ಸರಿಯಲಾರದು. ಇದೊಂದನ್ನು ಅರಿತೇ ಬ್ಯಾಡ್ಮಿಂಟನ್‌ನ ಗಾಲಿಕುರ್ಚಿ ಸಿಂಗಲ್ಸ್‌ಗೆ ಅಂಕಣದ ಅಗಲವನ್ನು ಅರ್ಧ ಮಾಡಿದ್ದಾರೆ, ಉದ್ದವನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟಿದ್ದಾರೆ. ನೆಟ್‌ಗೆ ತಾಗಿಕೊಂಡಂತಿರುವ, ಶಾರ್ಟ್ ಸರ್ವಿಸ್ ಗೆರೆಯವರೆಗಿನ 1.98 ಮೀಟರ್ ಜಾಗ ಆಟದಿಂದ ಹೊರಗೆ. ಅಲ್ಲಿ ಶಟಲ್ ಬಿದ್ದರೆ ಹೊಡೆದವನ ತಪ್ಪು. ನೆಟ್ಟಿನ ಎತ್ತರ ಮಾತ್ರ ನಿಂತು ಆಡುವವರಿಗೆ ಇರುವಷ್ಟೇ. ಶಟಲ್ ಹೊಡೆಯುವ ಕ್ಷಣದಲ್ಲಿ ದೇಹ ಕುರ್ಚಿಯ ಆಸನಕ್ಕೆ ತಾಗಿರಬೇಕು, ಎದ್ದು ಹೊಡೆಯುವಂತಿಲ್ಲ. ಹೀಗಾಗಿ ಇಡೀ ಆಟವೇ ಎದುರಾಳಿಯನ್ನು ಹಿಂದಕ್ಕೆ ತಳ್ಳುವುದು, ಮುಂದಕ್ಕೆ ಎಳೆಯುವುದು ಎಂಬ ಲೆಕ್ಕಾಚಾರವಾಗುತ್ತದೆ. ತಲೆ ಎತ್ತಿ ಶಟಲ್ ನೋಡುತ್ತಾ, ಬ್ಯಾಟು ಹಿಡಿದ ಕೈಯಿಂದಲೇ ಗಾಲಿಯ ಬಳೆಯನ್ನು ಹಿಂದಕ್ಕೆ ನೂಕಿ, ಸಮಯಕ್ಕೆ ಸರಿಯಾಗಿ ಕೈ ಬಿಡಿಸಿಕೊಂಡು ಹೊಡೆಯುವುದನ್ನು ಒಮ್ಮೆ ನೋಡಿದವರು ಇದನ್ನು ಅನುಕಂಪದ ಆಟ ಎನ್ನಲಾರರು.

ಟೆನಿಸ್‌ನಲ್ಲಿ ಇನ್ನೂ ಸರಳವಾದ ಒಂದೇ ಬದಲಾವಣೆ: ಚೆಂಡು ಎರಡು ಸಲ ಪುಟಿಯಬಹುದು, ಎರಡನೆಯ ಪುಟಿತ ಗೆರೆಯ ಹೊರಗಾದರೂ ಸರಿಯೇ. 1976ರಲ್ಲಿ ಅಮೆರಿಕದ ಬ್ರಾಡ್ ಪಾರ್ಕ್ಸ್, ಸ್ಕೀಯಿಂಗ್ ಅಪಘಾತದ ನಂತರ, ಈ ಆಟವನ್ನು ರೂಪಿಸತೊಡಗಿದರು; 1992ರ ಬಾರ್ಸಿಲೋನಾದಿಂದ ಅದು ಪ್ಯಾರಾಲಿಂಪಿಕ್ಸ್‌ನ ಪೂರ್ಣ ಪ್ರಮಾಣದ ಪದಕದ ಆಟ. ಕೈಗಳಲ್ಲೂ ಬಲ ಕುಂದಿದವರಿಗೆ ಕ್ವಾಡ್ ಎಂಬ ಬೇರೆಯೇ ವಿಭಾಗವಿದ್ದು, ಅಲ್ಲಿ ಬ್ಯಾಟನ್ನು ಅಂಗೈಗೆ ಪಟ್ಟಿ ಸುತ್ತಿ ಬಿಗಿದುಕೊಂಡು ಆಡಲು ಅವಕಾಶವಿದೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ ಗಾಲಿಕುರ್ಚಿ ಟೆನಿಸ್ ಪಂದ್ಯಾವಳಿಗಳು ನಡೆದಿವೆ. ಅಂದರೆ ರಾಜ್ಯಕ್ಕೆ ಈ ಆಟ ಅಪರಿಚಿತವಲ್ಲ, ರಾಜಧಾನಿಯ ಆಚೆಗೆ ಅದು ಸರಿಯಾಗಿ ಹೊರಟಿಲ್ಲ ಅಷ್ಟೆ.

ಆದರೂ ಟೆನಿಸ್‌ನಿಂದ ಆರಂಭಿಸಿರೆಂದು ನಾನು ಕೇಳುವುದಿಲ್ಲ. ಇಲಾಖೆ ಮೊದಲು ಕೈಹಾಕಬೇಕಾದದ್ದು ಟೇಬಲ್ ಟೆನಿಸ್‌ಗೆ. ಇದಕ್ಕೆ ವಿಶೇಷ ಕುರ್ಚಿ ಬೇಕಿಲ್ಲ, ಮನೆಯಲ್ಲಿ ಬಳಸುವ ಕುರ್ಚಿಯಲ್ಲೇ ಆಟ ಕಲಿಯಬಹುದು. ಮೇಜಿನ ಕಾಲುಗಳು ಆಟಗಾರನ ಕಡೆಯ ಅಂಚಿನಿಂದ ಕನಿಷ್ಠ 40 ಸೆಂಟಿಮೀಟರ್ ಒಳಗಿದ್ದರೆ ಮೊಣಕಾಲು ತಾಗುವುದಿಲ್ಲ; ಹೊಸ ಮೇಜು ಖರೀದಿಸುವ ಟೆಂಡರಿನಲ್ಲಿ ಈ ಒಂದು ಸಾಲನ್ನು ಸೇರಿಸಿದರೆ ಸಾಕು, ಅದೇ ಮೇಜಿನ ಮೇಲೆ ಎಲ್ಲರೂ ಆಡುತ್ತಾರೆ. ಸರ್ವ್ ಮಾಡಿದ ಚೆಂಡು ಎದುರಾಳಿಯ ಅಂಗಳದಲ್ಲಿ ಪುಟಿದು ಪಕ್ಕದ ಅಂಚಿನಿಂದ ಹೊರಬಿದ್ದರೆ ಅದನ್ನು ಲೆಟ್ ಎಂದು ಬಿಟ್ಟು ಮತ್ತೆ ಸರ್ವ್ ಮಾಡಬೇಕು ಎಂಬ ನಿಯಮವೂ, ಕುರ್ಚಿಯಲ್ಲಿರುವವನು ಪಕ್ಕಕ್ಕೆ ಬಾಗಿ ಬೀಳದಿರಲೆಂದು ಇರುವಂಥದ್ದೇ. 1960ರ ರೋಮ್ ಕೂಟದಿಂದಲೂ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಆಟ ಇದು. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಪೋಲಿಯೊಗೆ ತುತ್ತಾದ ಭಾವಿನಾ ಪಟೇಲ್ ಟೋಕಿಯೊದಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲಿಯೇ, ಗಾಲಿಕುರ್ಚಿಯಲ್ಲಿ ಕುಳಿತೇ. ಬ್ಯಾಡ್ಮಿಂಟನ್‌ನಲ್ಲಿ ಕಾಣದ ಗಾಲಿಕುರ್ಚಿಯ ಪದಕ ಟೇಬಲ್ ಟೆನಿಸ್‌ನಲ್ಲಿ ಕಂಡಿದೆಯೆಂದರೆ, ಆಡಲು ಬೇಕಾದ ಸಲಕರಣೆ ಕಡಿಮೆಯಾದಷ್ಟೂ ದಾರಿ ತೆರೆಯುತ್ತದೆ ಎಂದೇ ನಾನು ಅದನ್ನು ಓದಿಕೊಂಡಿದ್ದೇನೆ. ತಾಲ್ಲೂಕಿಗೊಂದು ಮೇಜು, ನೆಲಮಟ್ಟದ ಒಂದು ಕೋಣೆ, ಸಂಜೆಯ ಎರಡು ಗಂಟೆ: ನನ್ನ ಮೊದಲ ಬೇಡಿಕೆ ಇಷ್ಟೇ.

ಎರಡನೆಯದು ಜಿಲ್ಲಾ ಕೇಂದ್ರದ ಒಳಾಂಗಣ ಕ್ರೀಡಾಂಗಣದ ಬಗ್ಗೆ. ಒಂದು ಜಿಲ್ಲಾ ಕೇಂದ್ರದಲ್ಲಿ, ಊರಿನ ಹೆಸರು ಬೇಡ, ನಾವು ಕೆಲವರು ಆಡಲು ಜಾಗ ಕೇಳಿದಾಗ ಸಿಕ್ಕ ಉತ್ತರ, ಗಾಲಿಯಿಂದ ಮರದ ನೆಲ ಹಾಳಾಗುತ್ತದೆ ಎಂಬುದು. ಉತ್ತರ ಕೊಟ್ಟ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ನೆಲಕ್ಕೆ ಗೀರು ಬಿದ್ದರೆ ಮೇಲಿನವರು ಅವರನ್ನೇ ಕೇಳುತ್ತಾರೆ, ಬೀಳುವುದಿಲ್ಲವೆಂದು ಅವರಿಗೆ ಯಾರೂ ಲಿಖಿತವಾಗಿ ಹೇಳಿಲ್ಲ. ನಿಜವೇನೆಂದರೆ, ಆಟದ ಕುರ್ಚಿಯ ಗಾಲಿಗೆ ಗಾಳಿ ತುಂಬಿದ ರಬ್ಬರ್ ಟೈರುಗಳಿರುತ್ತವೆ. ಅಂತರರಾಷ್ಟ್ರೀಯ ಕೂಟಗಳಲ್ಲಿ ಗಾಲಿಕುರ್ಚಿಯ ಪಂದ್ಯಗಳು ನಡೆಯುವುದು ಉಳಿದವರು ಆಡುವ ಸಿಂಥೆಟಿಕ್ ಹಾಸಿನ ಮೇಲೆಯೇ. ಗೀರುವ ಸಾಧ್ಯತೆ ಇರುವುದು ಕಾಲಿಡುವ ಪಟ್ಟಿಯ ಲೋಹದ ಅಂಚಿನಿಂದ ಮಾತ್ರ, ಅದಕ್ಕೆ ರಬ್ಬರ್ ಸುತ್ತಿದರೆ ಮುಗಿಯಿತು. ಇದನ್ನು ಇಲಾಖೆ ಒಂದು ಸುತ್ತೋಲೆಯಲ್ಲಿ ಬರೆದು ಎಲ್ಲ 31 ಜಿಲ್ಲೆಗಳಿಗೆ ಕಳುಹಿಸಿದರೆ ರಾಜ್ಯದುದ್ದಕ್ಕೂ ಒಂದು ನೆಪ ಕಡಿಮೆಯಾಗುತ್ತದೆ.

ಸಿಂಗಲ್ಸ್‌ಗೆ ಅರ್ಧ ಅಂಕಣ ಸಾಲುವುದರಿಂದ ಒಂದೇ ಅಂಕಣದಲ್ಲಿ ನಾಲ್ವರು ಏಕಕಾಲಕ್ಕೆ ಎರಡು ಆಟ ಅಭ್ಯಾಸ ಮಾಡಬಹುದು. ಬಾಡಿಗೆ ಕೊಟ್ಟು ಆಡುವ ಸದಸ್ಯರ ಸಮಯವನ್ನು ಕಿತ್ತುಕೊಳ್ಳುತ್ತಾರೆಂಬ ಭಯಕ್ಕೆ ಇದೇ ಉತ್ತರ. ಆದರೆ ಸಮಯದ ವಿಚಾರದಲ್ಲಿ ಒಂದು ಮಾತು. ಯಾರೂ ಬರದ ಮಧ್ಯಾಹ್ನದ ಒಂದೂವರೆ ಗಂಟೆಯನ್ನು ನಮಗೆ ಹಂಚಿ, ಕೊಟ್ಟೆವೆಂದು ದಾಖಲೆಯಲ್ಲಿ ಬರೆದುಕೊಳ್ಳುವುದು ಬೇಡ. ನಮ್ಮಲ್ಲಿ ಹಲವರು ಅಂಗಡಿ ನಡೆಸುವವರು, ಕಚೇರಿಗೆ ಹೋಗುವವರು, ಕಾಲೇಜಿನಲ್ಲಿ ಓದುವವರು. ಅಲ್ಲದೆ, ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಪೆಟ್ಟಿನಿಂದ ಕೆಳಗಿನ ದೇಹ ಸರಿಯಾಗಿ ಬೆವರುವುದಿಲ್ಲವಾದ್ದರಿಂದ ತಗಡಿನ ಮಾಡಿನ ಕೆಳಗಿನ ಮಧ್ಯಾಹ್ನದ ಸೆಕೆ ಅವರಿಗೆ ಅಪಾಯಕಾರಿ.

ಕುರ್ಚಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಉದ್ದೇಶದ ಹಣ ವ್ಯರ್ಥವಾಗುವುದು ಇಲ್ಲಿಯೇ. ಶಿಬಿರಗಳಲ್ಲಿ ದಾನವಾಗಿ ಸಿಗುವ ಮಡಚುವ ಕುರ್ಚಿ ರೋಗಿಯನ್ನು ಬೇರೆಯವರು ತಳ್ಳಿಕೊಂಡು ಹೋಗಲು ಮಾಡಿದ್ದು. ಅದು ಭಾರ, ಗಾಲಿಗಳು ನೇರ, ವೇಗದಲ್ಲಿ ತಿರುಗಿಸಿದರೆ ಮಗುಚುತ್ತದೆ. ಆಟದ ಕುರ್ಚಿಯ ಗಾಲಿಗಳು ಮೇಲ್ತುದಿಯಲ್ಲಿ ಒಳಕ್ಕೆ ವಾಲಿ, ಬುಡದಲ್ಲಿ ಅಗಲವಾಗಿ ನಿಂತಿರುತ್ತವೆ. ಅದರಿಂದಲೇ ಅದು ಮಗುಚದೆ ಗಿರಕ್ಕನೆ ತಿರುಗುತ್ತದೆ. ಹಿಂದಕ್ಕೆ ಬಾಗಿ ಹೊಡೆಯುವಾಗ ಮಲಗಿಬೀಳದಂತೆ ಹಿಂಭಾಗದಲ್ಲಿ ಪುಟ್ಟ ಗಾಲಿಯೊಂದು ಇರುತ್ತದೆ. ಸೊಂಟ, ತೊಡೆ, ಪಾದಗಳಿಗೆ ಪಟ್ಟಿಗಳಿರುತ್ತವೆ. ಸ್ಪರ್ಧೆಗೆ ಇಳಿಯುವವನಿಗೆ ದರ್ಜಿ ಅಳತೆ ತೆಗೆದು ಅಂಗಿ ಹೊಲಿದಂತೆ ಅವನ ಮೈಗೆ ಹೊಂದುವ ಕುರ್ಚಿಯೇ ಬೇಕು, ಅದು ದುಬಾರಿ. ಕಲಿಯುವವರಿಗೆ ಮಾತ್ರ ಅಷ್ಟು ಬೇಡ. ಆಸನದ ಎತ್ತರ ಮತ್ತು ಪಟ್ಟಿಗಳನ್ನು ಹೆಚ್ಚುಕಡಿಮೆ ಮಾಡಬಲ್ಲ ನಾಲ್ಕು ಕುರ್ಚಿಗಳನ್ನು ಜಿಲ್ಲಾ ಕ್ರೀಡಾಂಗಣದ ಸ್ವತ್ತಾಗಿ ಇಟ್ಟರೆ, ಸರದಿಯಲ್ಲಿ ಇಪ್ಪತ್ತು ಜನ ಬಳಸಬಹುದು. ಕ್ರೀಡಾಂಗಣದ ನೆಟ್ಟು, ಕಂಬಗಳನ್ನು ಯಾರ ಹೆಸರಿಗೂ ಬರೆದುಕೊಡದೆ ಎಲ್ಲರ ಬಳಕೆಗೆ ಇಡುವ ಇಲಾಖೆಗೆ ಕುರ್ಚಿಯನ್ನೂ ಹಾಗೆ ಇಡುವುದು ಕಷ್ಟವಾಗಲಾರದು. ಟೈರು, ಟ್ಯೂಬು, ಬೇರಿಂಗ್ ಬದಲಿಸುವ ಕೆಲಸವನ್ನು ಊರಿನ ಸೈಕಲ್ ರಿಪೇರಿಯವರೇ ಮಾಡುತ್ತಾರೆ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುವುದು ಸಹಜ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳೂ ನಗರ ಸ್ಥಳೀಯ ಸಂಸ್ಥೆಗಳೂ ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮವಿದೆ. ಆ ಹಣ ತ್ರಿಚಕ್ರ ವಾಹನಕ್ಕೋ ವೈದ್ಯಕೀಯ ನೆರವಿಗೋ ಹೋಗುವುದು ತಪ್ಪಲ್ಲ. ಆದರೆ ಆಟದ ಸಲಕರಣೆಗೂ ಬಳಸಬಹುದೆಂದು ಸ್ಪಷ್ಟವಾದ ಆದೇಶ ಕೈಯಲ್ಲಿಲ್ಲದಿದ್ದರೆ ಯಾವ ಮುಖ್ಯಾಧಿಕಾರಿಯೂ ಲೆಕ್ಕಪರಿಶೋಧನೆಯ ಆಕ್ಷೇಪಣೆಯನ್ನು ಮೈಮೇಲೆ ಎಳೆದುಕೊಳ್ಳಲು ಒಪ್ಪುವುದಿಲ್ಲ. ಲೆಕ್ಕದ ಕೆಲಸದಲ್ಲಿರುವ ನನಗೆ ಈ ಭಯ ಚೆನ್ನಾಗಿ ಅರ್ಥವಾಗುತ್ತದೆ. ತಾವು ಗ್ರಾಮೀಣಾಭಿವೃದ್ಧಿ, ಪೌರಾಡಳಿತ ಇಲಾಖೆಗಳೊಡನೆ ಮತ್ತು ವಿಕಲಚೇತನರ ಸಬಲೀಕರಣ ಇಲಾಖೆಯೊಡನೆ ಮಾತನಾಡಿ ಅಂಥದೊಂದು ಆದೇಶ ಹೊರಡಿಸಿದರೆ ಹೊಸ ಬಜೆಟ್ ಶೀರ್ಷಿಕೆಗಾಗಿ ಕಾಯಬೇಕಾಗಿಲ್ಲ.

ಇದು ದಯೆಯ ಪ್ರಶ್ನೆಯಲ್ಲ ಎಂಬುದನ್ನು ಗೌರವಪೂರ್ವಕವಾಗಿ ನೆನಪಿಸಬೇಕಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್, ಕ್ರೀಡೆಯ ಮೂಲಸೌಕರ್ಯಗಳನ್ನು ಅಂಗವಿಕಲರು ಬಳಸುವಂತೆ ಮರುವಿನ್ಯಾಸ ಮಾಡುವ, ತರಬೇತಿಗೆ ಹಣ ಒದಗಿಸುವ, ಅವರಿಗಾಗಿ ಸ್ಪರ್ಧೆಗಳನ್ನು ಏರ್ಪಡಿಸುವ ಹೊಣೆಯನ್ನು ಸರ್ಕಾರದ ಮತ್ತು ಕ್ರೀಡಾ ಪ್ರಾಧಿಕಾರಗಳ ಮೇಲೆ ಹೊರಿಸಿದೆ. ಇರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರೂ ಪ್ರವೇಶಿಸುವಂತೆ ಮಾಡಬೇಕೆಂದು 45ನೇ ಸೆಕ್ಷನ್ ಹೇಳುತ್ತದೆ. ಆ ಐದು ವರ್ಷವನ್ನು ಲೆಕ್ಕ ಹಿಡಿಯಬೇಕಾದದ್ದು ಕಾಯ್ದೆಯ ನಿಯಮಾವಳಿ ಹೊರಬಿದ್ದ 2017ರ ಜೂನ್‌ನಿಂದ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಈ ವಿಷಯದಲ್ಲಿ ಬರಿಯ ಮಾರ್ಗಸೂಚಿ ಸಾಲದು, ಕಡ್ಡಾಯವಾದ ಮಾನದಂಡಗಳೇ ಬೇಕೆಂದು ಹೇಳಿತು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಎಂಬ ಅಳತೆ ಎಂಜಿನಿಯರುಗಳೆಲ್ಲರಿಗೂ ಗೊತ್ತಿರುವಂಥದ್ದು. ಆದರೆ ಉದ್ಘಾಟನೆಯ ಮುನ್ನಾದಿನ ಮೂರು ಮೆಟ್ಟಿಲ ಮೇಲೆ ಸಿಮೆಂಟು ಸುರಿದು ಮಾಡಿದ, ಕುರ್ಚಿ ಇಳಿಸಿದರೆ ಮೂಗು ನೆಲಕ್ಕೆ ತಾಗುವಂಥ ಇಳಿಜಾರುಗಳನ್ನು ನಾವು ಕಂಡಿದ್ದೇವೆ.

ಇಳಿಜಾರಿಗಿಂತಲೂ ಹೆಚ್ಚು ಜನರನ್ನು ತಡೆಯುವುದು ಶೌಚಾಲಯ. ಬೆನ್ನುಹುರಿಗೆ ಪೆಟ್ಟಾದವರು ಮೂತ್ರಕ್ಕೆ ನಳಿಕೆ ಬಳಸುತ್ತಾರೆ, ಹೊತ್ತುಹೊತ್ತಿಗೆ ಅದನ್ನು ನೋಡಿಕೊಳ್ಳಬೇಕು. ಕುರ್ಚಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಷ್ಟು ಜಾಗವಿಲ್ಲದಿದ್ದರೆ ಆಟದ ಮಾತೇ ಇಲ್ಲ. ಹೆಣ್ಣುಮಕ್ಕಳ ಮಟ್ಟಿಗಂತೂ ಮನೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಕ್ರೀಡಾಂಗಣದವರೆಗೆ ಬರುವುದೂ ಸುಲಭವಲ್ಲ: ಸಾರಿಗೆ ನಿಗಮದ ಅಂಗವಿಕಲರ ಪಾಸು ನೂರು ಕಿಲೋಮೀಟರ್‌ವರೆಗೆ ನಡೆಯುತ್ತದೆ, ಬಸ್ಸಿನ ಮೆಟ್ಟಿಲು ಮಾತ್ರ ಕುರ್ಚಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಟೇಬಲ್ ಟೆನಿಸನ್ನು ತಾಲ್ಲೂಕಿಗೆ ಕೊಡಿ ಎಂದು ಕೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ತರಬೇತುದಾರರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈಗಿರುವ ಬ್ಯಾಡ್ಮಿಂಟನ್ ತರಬೇತುದಾರರಿಗೆ ಕೆಲವು ದಿನಗಳ ತಿಳಿವಳಿಕೆ ಸಾಕು. ಕುರ್ಚಿಯವನ ಭುಜವೇ ಅವನ ಕಾಲು ಕೂಡ ಆಗಿರುವುದರಿಂದ ಅದಕ್ಕೆ ಪೆಟ್ಟಾದರೆ ಮಂಚದಿಂದ ಏಳುವುದೂ ನಿಲ್ಲುತ್ತದೆ, ಆದ್ದರಿಂದ ತಲೆಯ ಮೇಲಿನ ಹೊಡೆತಗಳನ್ನು ಅವಸರದಲ್ಲಿ ಕಲಿಸಬಾರದು. ಸ್ಪರ್ಶಜ್ಞಾನ ಇಲ್ಲದವನಿಗೆ ಕುಳಿತಲ್ಲೇ ಹುಣ್ಣಾಗುವುದು ತಿಳಿಯದು, ಆದ್ದರಿಂದ ದಿಂಬಿಲ್ಲದೆ ಆಡಿಸಬಾರದು, ಆಗಾಗ ಮೈ ಎತ್ತಿ ಕೂರುವಂತೆ ಹೇಳಬೇಕು. ಇಂಥ ಸಂಗತಿಗಳನ್ನು ಕಲಿಸಲು ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗದವರೇ ಸಾಕು.

ಶಾಲೆಯ ವಿಷಯ ಬೇರೆ ಇಲಾಖೆಯದೆಂದು ಗೊತ್ತಿದ್ದರೂ ಒಂದು ಮಾತನ್ನು ಬಿಡಲಾರೆ. ಆಟದ ಪೀರಿಯಡ್‌ನಲ್ಲಿ ಕಾಲಿಲ್ಲದ ಹುಡುಗನನ್ನು ಅಂಕ ಬರೆಯಲೋ ಎಲ್ಲರ ಚಪ್ಪಲಿ, ಚೀಲ ಕಾಯಲೋ ಕೂರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ಹುಡುಗನೂ ಕ್ರಮೇಣ ಅದೇ ತನ್ನ ಜಾಗವೆಂದು ನಂಬುತ್ತಾನೆ. ಡಿಸೆಂಬರ್ 3ರ ಅಂಗವಿಕಲರ ದಿನದ ಆಸುಪಾಸಿನಲ್ಲಿ ಕ್ರೀಡಾಕೂಟ ಮಾಡಿ, ಗುಂಡು ಎಸೆಸಿ, ಬಹುಮಾನ ಕೊಟ್ಟು ಕಳುಹಿಸಿದರೆ ವರ್ಷದ ಉಳಿದ ದಿನಗಳು ಹಾಗೆಯೇ ಉಳಿಯುತ್ತವೆ. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆಗೆ, ವಿಭಾಗಕ್ಕೆ, ಕೊನೆಗೆ ಮೈಸೂರಿಗೆ ಏರುವ ಒಳ್ಳೆಯ ಏಣಿ. ಅದರ ತಾಲ್ಲೂಕು ಹಂತದಲ್ಲೇ ಗಾಲಿಕುರ್ಚಿ ಟೇಬಲ್ ಟೆನಿಸ್‌ಗೆ ಒಂದು ವಿಭಾಗ ತೆರೆದರೆ ವರ್ಷವಿಡೀ ಅಭ್ಯಾಸ ಮಾಡಲು ಒಂದು ಗುರಿ ಸಿಗುತ್ತದೆ. 2023ರಲ್ಲಿ ಆರಂಭವಾದ ಖೇಲೋ ಇಂಡಿಯಾ ಪ್ಯಾರಾ ಕ್ರೀಡಾಕೂಟಕ್ಕೆ ಹೋಗುವ ತಂಡವನ್ನು ಅಲ್ಲಿಂದಲೇ ಆರಿಸಬಹುದು.

ಇಷ್ಟು ಮಾಡಿದರೆ ಎಷ್ಟು ಜನ ಬಂದಾರು ಎಂದು ತಮ್ಮ ಅಧಿಕಾರಿಗಳು ಕೇಳುತ್ತಾರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ದೇಶದ ಲೆಕ್ಕದಲ್ಲಿ ಐದರಲ್ಲೊಬ್ಬರದು ಚಲನೆಗೆ ಸಂಬಂಧಿಸಿದ ಊನ. ಇವರಲ್ಲಿ ಎಷ್ಟು ಜನ ಬ್ಯಾಟು ಹಿಡಿಯುತ್ತಾರೆಂದು ನಾನು ಭರವಸೆ ಕೊಡಲಾರೆ. ಮೊದಲ ತಿಂಗಳು ಮೂವರೇ ಬಂದರೂ ಆಶ್ಚರ್ಯವಿಲ್ಲ. ಆದರೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ, ಅವರೇ ಸ್ವತಃ ಅಂಗವಿಕಲರು, ಯಾರ ಮನೆಯಲ್ಲಿ ಯಾರಿದ್ದಾರೆಂದು ಅವರಿಗೆ ಗೊತ್ತು. ಜಾಗ ತೆರೆದಿದೆ ಎಂಬ ಸುದ್ದಿಯನ್ನು ಅವರ ಮೂಲಕ ಮನೆಮನೆಗೆ ತಲುಪಿಸಿ, ಆರು ತಿಂಗಳಾದ ಮೇಲೆ ಹಾಜರಿ ಪುಸ್ತಕ ನೋಡಿ. ಮೆಟ್ಟಿಲಿರುವ ಕಟ್ಟಡಕ್ಕೆ ಗಾಲಿಕುರ್ಚಿ ಬರಲಿಲ್ಲವೆಂದು ಈಗಲೇ ಲೆಕ್ಕ ಬರೆಯುವುದು ನ್ಯಾಯವಲ್ಲ.

ಎಲ್ಲ ಜಿಲ್ಲೆಗಳಲ್ಲೂ ಒಮ್ಮೆಗೇ ಆಗಲಿ ಎಂದು ಹಟ ಹಿಡಿಯುವುದಿಲ್ಲ. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದಂಥ ಅಡಿಕೆ ಜಿಲ್ಲೆಗಳಲ್ಲಿ ಮತ್ತು ಟೆನಿಸ್ ಅಂಕಣಗಳು ಚೆನ್ನಾಗಿರುವ ಧಾರವಾಡದಲ್ಲಿ ಈ ವರ್ಷ ಆರಂಭಿಸಬಹುದು. ಅದಕ್ಕೂ ಮೊದಲು ಜಿಲ್ಲಾ ಕ್ರೀಡಾಂಗಣಗಳ ಬಾಗಿಲಿನ ಅಗಲ, ಮೆಟ್ಟಿಲುಗಳ ಎತ್ತರ, ಶೌಚಾಲಯದ ಅಳತೆ ಇವುಗಳ ಪಟ್ಟಿಯನ್ನು ಸಹಾಯಕ ನಿರ್ದೇಶಕರಿಂದ ತರಿಸಿಕೊಂಡು ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅಳತೆ ತೆಗೆಯುವಾಗ ಆಯಾ ಜಿಲ್ಲೆಯ ಗಾಲಿಕುರ್ಚಿ ಬಳಕೆದಾರರೊಬ್ಬರು ಜೊತೆಗಿರಲಿ. ನಮ್ಮ ಜಿಲ್ಲೆಯ ಮಟ್ಟಿಗೆ ಆ ಕೆಲಸಕ್ಕೆ ನಾನು ಭಾನುವಾರಗಳಂದು ಸಿದ್ಧನಿದ್ದೇನೆ. ಯಾವ ಅಧಿಕಾರಿಯನ್ನು ಕಾಣಬೇಕೆಂದು ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಗಾಲಿಕುರ್ಚಿ ಆಟಗಾರ